ಆಟಿ ಕಷಾಯ ಕುಡಿದ ನಾಲಗೆಗೆ ನೆಗ್ರೋನಿ

ಆಟಿ ಅಮಾವಾಸ್ಯೆಯ ಬೆಳಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಇಳಿಸುವ ಊರಿನವರಿಗೆ, ನೆಗ್ರೋನಿ ಕಾಕ್‌ಟೇಲಿಗೆ ಹಾಕುವ ಇಟಲಿಯ ಕೆಂಪು ಮದ್ಯ ಕಂಪಾರಿಯ ಕಹಿ ಏನು ಮಹಾ! ಮಂಗಳೂರಿನ ಮನೆಗಳಲ್ಲಿ ನೆಗ್ರೋನಿ ಕೆಡುವುದು ಕಹಿಯಿಂದಲ್ಲ, ನೀರಿನಿಂದ.

ಅಳತೆ ಸುಲಭ: ಜಿನ್, ಕಂಪಾರಿ, ಸಿಹಿ ಕೆಂಪು ವರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್) ತಲಾ 30 ಮಿಲಿ. ಕಣ್ಣಂದಾಜು ಬೇಡ, ಪೆಗ್ ಮೆಜರ್ ಬಳಸಿ. ವರ್ಮುತ್ ಬಾಟಲಿಯ ಮೇಲೆ ‘ರೊಸ್ಸೊ’ ಎಂದಿರಬೇಕು. ‘ಡ್ರೈ’ ತಂದರೆ ಕಂಪಾರಿಯನ್ನು ಹಿಡಿದು ನಿಲ್ಲಿಸುವಷ್ಟು ಸಿಹಿ ಅದರಲ್ಲಿಲ್ಲ.

ಇನ್ನು ಐಸ್. ನಮ್ಮ ಸೆಕೆಗೆ ಟ್ರೇಯಿಂದ ತೆಗೆದು ಬಟ್ಟಲಲ್ಲಿಟ್ಟ ಸಣ್ಣ ತುಂಡುಗಳು ಎರಡೇ ನಿಮಿಷದಲ್ಲಿ ಬೆವರುತ್ತವೆ. ಆ ಒದ್ದೆ ಐಸ್ ಹಾಕಿದರೆ, ಪಾನೀಯ ತಣ್ಣಗಾಗುವ ಮೊದಲೇ ನೀರಾಗಿರುತ್ತದೆ. ಎರಡಿಂಚಿನ ಸಿಲಿಕೋನ್ ಅಚ್ಚಿನಲ್ಲಿ ಹಿಂದಿನ ದಿನವೇ ಐಸ್ ಕಟ್ಟಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಬಂಗುಡೆಯ ಪಕ್ಕ ತೆರೆದಿಟ್ಟರೆ ಅದರ ವಾಸನೆಯೂ ಬರುತ್ತದೆ ಮಾರಾಯ್ರೆ. ಗ್ಲಾಸು, ಜಿನ್ ಎರಡೂ ಫ್ರೀಜರಿನಲ್ಲಿರಲಿ, ಜಿನ್ ಹೆಪ್ಪುಗಟ್ಟುವುದಿಲ್ಲ. ಮೂರನ್ನೂ ದಪ್ಪ ಐಸಿನ ಮೇಲೆ ಸುರಿದು 20-25 ಸೆಕೆಂಡು ಕಲಕಿ, ಹೊಸ ಐಸ್ ಇರುವ ಗ್ಲಾಸಿಗೆ ಸೋಸಿ. ಕುಲುಕಬಾರದು, ಗಾಳಿ ಸೇರಿ ಮಬ್ಬಾಗುತ್ತದೆ.

ವರ್ಮುತ್ ಎಂದರೆ ವೈನ್. ತೆರೆದ ಬಾಟಲಿಯನ್ನು ಶೋಕೇಸಿನಲ್ಲಿಟ್ಟರೆ ನಮ್ಮ ಹವೆಗೆ ಬೇಗನೆ ಹಳಸಲು ರುಚಿ ಹಿಡಿಯುತ್ತದೆ. ಫ್ರಿಜ್ಜಿನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ, ಆದಷ್ಟು ಸಣ್ಣ ಬಾಟಲಿಯನ್ನೇ ತನ್ನಿ. ಕಂಪಾರಿಗೆ ಈ ರಗಳೆಯಿಲ್ಲ, ಬಿಸಿಲು ತಾಗದಿದ್ದರೆ ಸಾಕು.

ಕಿತ್ತಳೆ ಸಿಪ್ಪೆ ಅಲಂಕಾರಕ್ಕಲ್ಲ, ಅದರ ಎಣ್ಣೆಗೆ. ಕೊಡಗಿನ ಕಿತ್ತಳೆಯ ಸಡಿಲ ಸಿಪ್ಪೆ ಚಾಕುವಿಗೆ ಸಿಗುವುದಿಲ್ಲ; ಸಿಪ್ಪೆ ಬಿಗಿಯಾಗಿ ಅಂಟಿರುವ ಮಾಲ್ಟಾ ಜಾತಿಯದ್ದು ಒಳ್ಳೆಯದು. ಮೇಣವಿದ್ದರೆ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಬಿಳಿ ತಿರುಳು ಬಾರದಂತೆ ಹೆರೆದು, ಗ್ಲಾಸಿನ ಮೇಲೆ ಹಿಂಡಿ.

ಇಷ್ಟಾದರೂ ಅತಿಥಿಗೆ ಕಹಿ ಅತಿಯೆನಿಸಿದರೆ ಸಕ್ಕರೆ ಹಾಕಬೇಡಿ. ಎರಡು ಹನಿ ಉಪ್ಪುನೀರು ಸಾಕು, ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಆದರೆ ‘ಊರ ಕಂಪಾರಿ’ ಮಾಡುತ್ತೇನೆಂದು ಕಾಡಿನ ತೊಗಟೆಯನ್ನು ಜಿನ್ನಿಗೆ ಹಾಕುವ ಸಾಹಸ ಖಂಡಿತ ಬೇಡ. ಪಾಲೆಯೆಂದು ಕಾಸರಕ ಕೆತ್ತಿ ತಂದರೆ ಅದು ವಿಷ.

1919ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಕೌಂಟ್ ಕಮಿಲ್ಲೊ ನೆಗ್ರೋನಿ, ಕಂಪಾರಿ-ವರ್ಮುತ್-ಸೋಡಾ ಸೇರಿದ ಅಮೆರಿಕಾನೊ ಕಾಕ್‌ಟೇಲಿಗೆ ಸೋಡಾದ ಬದಲು ಜಿನ್ ಹಾಕಿಸಿಕೊಂಡರೆಂದು ಪ್ರತೀತಿ. ಏಪ್ರಿಲ್-ಮೇ ಸೆಕೆಗೆ ನಾವು ಹಿಮ್ಮುಖ ಹೋಗುವುದೇ ಜಾಣತನ: ಕಂಪಾರಿ 30, ವರ್ಮುತ್ 30, ಉದ್ದ ಗ್ಲಾಸು ತುಂಬ ಐಸ್, 90 ಮಿಲಿ ಸಪ್ಪೆ ಸೋಡಾ. ಬೆಚ್ಚಗಿನ ಸೋಡಾ ಸುರಿಯುತ್ತಲೇ ಗ್ಯಾಸ್ ಕಳೆದುಕೊಳ್ಳುತ್ತದೆ, ಹಾಗಾಗಿ ಅದೂ ಫ್ರಿಜ್ಜಿನಿಂದಲೇ ಬರಲಿ. ಉಪ್ಪು-ಸಕ್ಕರೆ ಬೆರೆಸದ ಪುನರ್ಪುಳಿ ರಸ 10 ಮಿಲಿ ಸೇರಿಸಿದರೆ ಹುಳಿ ಚೆನ್ನಾಗಿ ಕೂರುತ್ತದೆ, ಇಟಲಿಯವರು ಒಪ್ಪಲಿಕ್ಕಿಲ್ಲ.