ತಲೆಗೆ ಪೆಟ್ಟು: ಸ್ಕ್ಯಾನಿಂಗ್‌ಗೂ ಮೊದಲಿನ ಕೆಲಸ

ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದ ಮನೆಯವರು ಸಾಮಾನ್ಯವಾಗಿ ಮೊದಲು ಕೇಳುವುದು ಸ್ಕ್ಯಾನಿಂಗ್ ಬಗ್ಗೆ, ಆಮೇಲೆ ನಿಮ್ಹಾನ್ಸ್ ಬಗ್ಗೆ. ಕ್ಯಾಶುವಾಲ್ಟಿಯವರು ಉಸಿರಾಟ ನೋಡುತ್ತ, ಡ್ರಿಪ್ ಹಾಕುತ್ತ ನಿಂತರೆ ಅವರಿಗೆ ಕಾಲಹರಣದಂತೆ ಕಾಣುತ್ತದೆ. ಆದರೆ ರೋಗಿಯ ಮುಂದಿನ ಬದುಕು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಹೊತ್ತಿನಲ್ಲಿಯೇ.

ಏಟು ಬಿದ್ದ ಕ್ಷಣದಲ್ಲಿ ಹರಿದುಹೋದ ನರತಂತುಗಳನ್ನು ಯಾವ ಆಸ್ಪತ್ರೆಯೂ ಮತ್ತೆ ಕೂಡಿಸಲಾರದು. ತಡೆಯಲು ಸಾಧ್ಯವಿರುವುದು ಅದರ ಬೆನ್ನಿಗೇ ಬರುವ ಎರಡನೆಯ ಹಾನಿಯನ್ನು. ತಲೆಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಒಳಗೆ ರಕ್ತ ಶೇಖರವಾದರೆ ಅಥವಾ ಮಿದುಳು ಬಾತರೆ ಒತ್ತಡ ಏರುತ್ತದೆ. ಆ ಒತ್ತಡವನ್ನು ಮೀರಿ ಮಿದುಳಿಗೆ ರಕ್ತ ತಲುಪಬೇಕಾದರೆ ದೇಹದ ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳಲೇಬೇಕು. ರಕ್ತದೊತ್ತಡದ ಎರಡು ಅಂಕಿಗಳಲ್ಲಿ ಮೇಲಿನದು (ಸಿಸ್ಟಾಲಿಕ್) 90ಕ್ಕಿಂತ ಕೆಳಗಿಳಿದ ರೋಗಿಗಳಲ್ಲಿ ಸಾವು ದುಪ್ಪಟ್ಟಿಗೂ ಮಿಗಿಲಾಗಿತ್ತೆಂಬುದನ್ನು ಅಮೆರಿಕದ ದಾಖಲೆಗಳನ್ನು ಆಧರಿಸಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆಮ್ಲಜನಕದ ಮಾತೂ ಹಾಗೆಯೇ. ಇವೆರಡನ್ನೂ ಸರಿಪಡಿಸದೆ ದೂರದ ಊರಿಗೆ ರೆಫರ್ ಮಾಡುವುದು ಅವಸರವೇ ಹೊರತು ತುರ್ತು ಚಿಕಿತ್ಸೆಯಲ್ಲ.

ಪ್ರಜ್ಞೆಯ ಮಟ್ಟವನ್ನು ಅಳೆಯಲು ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ರೂಪಿಸಿದ ಮಾಪಕಕ್ಕೆ ಯಂತ್ರವೂ ಬೇಡ, ಖರ್ಚೂ ಇಲ್ಲ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲುಗಳ ಚಲನೆಗೆ 6, ಹೀಗೆ ಒಟ್ಟು 15 ಅಂಕ. ತೀರಾ ಕಡಿಮೆಯೆಂದರೆ 3. ಎಂಟು ಅಥವಾ ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಶ್ವಾಸನಾಳಕ್ಕೆ ಕೊಳವೆ ಹಾಕಿ ಉಸಿರಿನ ದಾರಿಯನ್ನು ಕಾಪಾಡಬೇಕಾಗುತ್ತದೆ. ಒಂದು ಸಲದ ಅಂಕಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಮೊದಲ ಆಸ್ಪತ್ರೆಯಲ್ಲಿ 14 ಇದ್ದವರು ದೊಡ್ಡಾಸ್ಪತ್ರೆ ತಲುಪುವಾಗ 9ಕ್ಕೆ ಇಳಿದಿದ್ದರೆ ಒಳಗೆ ರಕ್ತಸ್ರಾವ ಬೆಳೆಯುತ್ತಿದೆಯೆಂದು ಶಂಕಿಸಲೇಬೇಕು. ಆದರೆ ರೆಫರಲ್ ಚೀಟಿಯಲ್ಲಿ 'ಸ್ಥಿತಿ ಗಂಭೀರ' ಎಂದಷ್ಟೇ ಗೀಚಿ ಕಳುಹಿಸಿದರೆ ಈ ಇಳಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಮಯ, ಅಂಕ, ಎರಡೂ ಕಣ್ಣುಪಾಪೆಗಳ ಗಾತ್ರ, ಕೊಟ್ಟ ಔಷಧಿ, ಇಷ್ಟನ್ನು ಬರೆಯಲು ಎರಡು ನಿಮಿಷ ಸಾಕು. ನಮ್ಮಲ್ಲಿ ಅತ್ಯಂತ ಅಗ್ಗವಾಗಿ ಆಗಬಹುದಾದ ಸುಧಾರಣೆ ಇದೇ ಎಂಬುದು ನನ್ನ ಅಭಿಪ್ರಾಯ.

ಬಾಯಿಂದ ಮದ್ಯದ ವಾಸನೆ ಬಂದೊಡನೆ 'ಕುಡಿದು ಮಲಗಿದ್ದಾನೆ' ಎಂದು ತೀರ್ಮಾನಿಸುವುದು ಇನ್ನೊಂದು ಅಪಾಯ. ಕುಡಿದವನಿಗೂ ಬುರುಡೆಯೊಳಗೆ ರಕ್ತಸ್ರಾವವಾಗಬಹುದು, ಅಮಲು ಇಳಿಯಲೆಂದು ಕಾಯುವುದರಲ್ಲಿ ಅದನ್ನು ತೆಗೆಯುವ ಹೊತ್ತು ಮೀರಬಹುದು.

ಔಷಧಿಗಳ ವಿಷಯದಲ್ಲಿ ಹಳೆಯ ನಂಬಿಕೆಗಳು ಮುರಿದಿವೆ. ಬಾವು ಇಳಿಸಲೆಂದು ಕೊಡುತ್ತಿದ್ದ ಸ್ಟೀರಾಯ್ಡ್‌ನಿಂದ ಸಾವು ಹೆಚ್ಚುತ್ತದೆಂಬುದು ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ 'ಕ್ರ್ಯಾಶ್' ಎಂಬ ಔಷಧ ಪ್ರಯೋಗದಿಂದ ತಿಳಿಯಿತು. ಪೆಟ್ಟಾದ ಮೂರು ಗಂಟೆಯೊಳಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟರೆ ತೀರಾ ತೀವ್ರವಲ್ಲದ ಗಾಯಗಳಲ್ಲಿ ಸಾವು ತಗ್ಗಬಹುದೆಂದು ಅದೇ ಸರಣಿಯ 2019ರ ಕ್ರ್ಯಾಶ್-3 ಪ್ರಯೋಗ ಸೂಚಿಸಿತು.

ಮನೆಯವರು ಹೇಳಲೇಬೇಕಾದ ಮಾತುಗಳೂ ಕೆಲವಿವೆ. ಏಟು ಬಿದ್ದದ್ದು ಎಷ್ಟು ಹೊತ್ತಿಗೆ, ನಡುವೆ ಸ್ವಲ್ಪ ಹೊತ್ತು ಚೆನ್ನಾಗಿ ಮಾತನಾಡಿದ್ದರೇ, ಬಾಯಿಗೆ ನೀರು ಹಾಕಿದಿರೇ ಎಂಬುದು ವೈದ್ಯರಿಗೆ ಬೇಕು. ವಯಸ್ಸಾದವರಾದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂಬುದನ್ನು ಕೇಳುವ ಮೊದಲೇ ತಿಳಿಸಿ. ಬಚ್ಚಲಲ್ಲಿ ಜಾರಿ ಬಿದ್ದ ಸಣ್ಣ ಪೆಟ್ಟಾದರೂ ಅಂಥವರಿಗೆ ಸ್ಕ್ಯಾನಿಂಗ್ ಬೇಕಾಗುತ್ತದೆ.