ಕೊನೆಯ ಪುಟದ ಚಿಂತೆ

ಇವತ್ತು ನಮ್ಮ ಬ್ರಾಸ್ ಬ್ಯಾಂಡ್ (ಊದುವ ಹಿತ್ತಾಳೆ ವಾದ್ಯಗಳ ತಂಡ) ಪ್ರಾಕ್ಟೀಸ್ ಮುಗಿದಾಗ ತುಟಿ ಮರಗಟ್ಟಿತ್ತು. ಸ್ಪರ್ಧೆಗೆ ನಾವೇ ಆರಿಸಿಕೊಂಡ ಕೃತಿ ನಮಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತಿದೆ. ವೇಗದ ಭಾಗ ಹೇಗೋ ಬರುತ್ತದೆ, ಮನೆಯಲ್ಲಿ ನಿಧಾನವಾಗಿ ಬೆರಳು ಪಳಗಿಸಬಹುದು. ಕಷ್ಟ ಇರುವುದು ಕೊನೆಯ ಪುಟದಲ್ಲಿ. 12 ನಿಮಿಷ ಊದಿ ದಣಿದ ಮೇಲೆ ಟ್ರಂಪೆಟ್ಟಿನಂಥ ಕಾರ್ನೆಟ್‌ನ ಮೇಲಿನ ಸ್ವರ ಹಿಡಿದು ನಿಲ್ಲಿಸಬೇಕು. ಹಗಲೆಲ್ಲ ಕೆಲಸ ಮಾಡಿ ಸಂಜೆ ಸೇರುವವರು ನಾವು. ತುಟಿಗೆ ಆ ಕಸುವು ಬರಲು ತಿಂಗಳುಗಳೇ ಬೇಕು, ಅಲ್ವಾ?

ಬ್ರಿಟನ್ನಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬ್ಯಾಂಡುಗಳನ್ನು 5 ವಿಭಾಗ ಮಾಡಿ, ಒಂದೊಂದಕ್ಕೂ ಅದರ ಮಟ್ಟದ ಕೃತಿಯನ್ನು ಸ್ಪರ್ಧೆ ನಡೆಸುವವರೇ ಗೊತ್ತು ಮಾಡುತ್ತಾರೆ. ಅದು ಎಷ್ಟು ಒಳ್ಳೆಯ ಏರ್ಪಾಡು ಅಂತ ಇವತ್ತು ಅರ್ಥವಾಯಿತು.

ಹಾಗಂತ ತೀರಾ ಸುಲಭದ್ದೂ ಬೇಡ, ಎರಡು ವಾರಕ್ಕೇ ಬೇಜಾರಾಗುತ್ತದೆ. ಸುಲಭ ಅಂತ ಕಾಣುವ ನಿಧಾನದ ಸಾಲಿನಲ್ಲಿ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ತೀರ್ಪುಗಾರರ ಕಿವಿಗೆ ಬೀಳುತ್ತದೆ.

ನಮ್ಮ ಬ್ಯಾಂಡ್ ನಡೆಸುವ ಕಂಡಕ್ಟರ್ ಹತ್ತಿರ ನಾಳೆ ಮಾತಾಡುತ್ತೇನೆ. ಕಪಾಟಿನಲ್ಲಿ ಇನ್ನೊಂದು ಕೃತಿ ಇದೆ. ಅದರಲ್ಲಿ ಯುಫೋನಿಯಮ್‌ಗೆ (ದಪ್ಪ ದನಿಯ ದೊಡ್ಡ ಹಿತ್ತಾಳೆ ವಾದ್ಯ) ಒಬ್ಬರೇ ಊದುವ ಚೆಂದದ ಸೋಲೋ ಇದೆ, ಹೊಸದಾಗಿ ಸೇರಿದ ಹುಡುಗಿಯೂ ಆ ಕೃತಿಯನ್ನು ಕೊನೆಯವರೆಗೆ ಊದಬಲ್ಲಳು.