ತಂಗಡಿ ಗಿಡದ ಹತ್ರ ಸ್ವಲ್ಪ ಹೊತ್ತು ನಿಂತ್ಕೊಳ್ಳಿ

ಬಯಲುಸೀಮೇಲಿ ನೋಡೋಕೆ ಏನಿದೆ ಅನ್ನೋರಿಗೆ ನಾನು ತಂಗಡಿ ತೋರಿಸ್ತೀನಿ. ಶಿರಾ, ಹಿರಿಯೂರು, ಚಿತ್ರದುರ್ಗ ಕಡೆ ಹೋಗ್ತಾ ಇದ್ರೆ ರಸ್ತೆ ಬದಿ, ಬೀಳು ಬಿದ್ದ ಹೊಲ, ಕಲ್ಲುಗುಡ್ಡದ ಬುಡ, ಎಲ್ಲೆಲ್ಲಿ ಮಣ್ಣಲ್ಲಿ ಸತ್ವ ಇಲ್ವೋ ಅಲ್ಲೆಲ್ಲಾ ಆಳೆತ್ತರಕ್ಕೆ ಹಳದಿ ಹೂ ಹೊತ್ಕೊಂಡು ನಿಂತಿರುತ್ತೆ. ಆವರಿಕೆ ಅಂತಾನೂ ಕರೀತಾರೆ, ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ. ದನಗಳು ಇದಕ್ಕೆ ಅಷ್ಟಾಗಿ ಬಾಯಿ ಹಾಕಲ್ಲ, ಹಂಗಾಗಿ ಮೇದು ಬೋಳಾದ ಗೋಮಾಳದಲ್ಲೂ ಉಳ್ಕೊಂಡಿರುತ್ತೆ.

ಸಾಲುಮರವಾಗಿ ನೆಡೋ ಸೀಮೆತಂಗಡಿ ಬೇರೆ, ಅದು ಆಗ್ನೇಯ ಏಷ್ಯಾದಿಂದ ಬಂದ ಮರ. ನಮ್ಮ ತಂಗಡಿ ಗುರುತು ಹಿಡಿಯೋಕೆ ಎಲೆ ಕಡ್ಡಿ ಕಾಂಡಕ್ಕೆ ಅಂಟೋ ಜಾಗ ನೋಡಿ, ಅಲ್ಲಿ ಕಿವಿ ಆಕಾರದ ಅಗಲವಾದ ಎರಡು ಪುಟ್ಟ ಎಲೆ ಇರುತ್ವೆ, ಬೇಗ ಉದುರಲ್ಲ.

ಹೂವಿನ ವಿಷಯಕ್ಕೆ ಬಂದ್ರೆ, ಇದ್ರಲ್ಲಿ ಮಕರಂದಾನೇ ಇಲ್ಲ! ಇರೋದು ಬರೀ ಪರಾಗ, ಅದೂ ಸುಮ್ನೆ ಸಿಗಲ್ಲ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬರೀ ಲೆಕ್ಕಕ್ಕೆ, ಕೆಳಗಿನ ಮೂರು ಉದ್ದಕ್ಕೆ ಕೊಕ್ಕಿನ ಥರ ಬಾಗಿರುತ್ವೆ. ಪರಾಗ ಇರೋ ಚೀಲ ಉದ್ದಕ್ಕೆ ಒಡೆಯೋದಿಲ್ಲ, ತುದೀಲಿ ಒಂದು ಸಣ್ಣ ತೂತು ಅಷ್ಟೇ. ಮರ ಕೊರೆಯೋ ಆ ದಪ್ಪ ಕಪ್ಪು ದುಂಬಿ ಬಂದು ಕೇಸರ ತಬ್ಕೊಂಡು, ರೆಕ್ಕೆ ಆಡಿಸದೇ ಹಾರೋ ಸ್ನಾಯು ಮಾತ್ರ ಅದುರಿಸುತ್ತೆ, ಆಗ ಪರಾಗ ಆ ತೂತಿಂದ ಚಿಮ್ಮಿ ಅದರ ಮೈಗೆ ಮೆತ್ಕೊಳ್ಳುತ್ತೆ. ಹಾರುವಾಗ ಇರೋ ಗುಂಯ್ ಸದ್ದು ಹೂ ಮೇಲೆ ಕೂತ ತಕ್ಷಣ ಝೀಂ ಝೀಂ ಅಂತ ತುಂಡು ತುಂಡಾಗಿ ಚೂಪಾಗುತ್ತೆ, ಹತ್ರ ನಿಂತ್ರೆ ಚೆನ್ನಾಗಿ ಕೇಳ್ಸುತ್ತೆ. ನಮ್ಮ ಜೇನುನೊಣಕ್ಕೆ ಈ ವಿದ್ಯೆ ಬರಲ್ಲ ಪಾಪ.

ತೊಗರಿ, ಕಡಲೆ ಕುಟುಂಬದ್ದೇ ಆದ್ರೂ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಒದಗಿಸೋ ಗಂಟು ಇದರ ಬೇರಲ್ಲಿ ಇರಲ್ಲ, ಅಂದ್ರೂ ಬಡ ಮಣ್ಣಲ್ಲಿ ಹೆಂಗೋ ಬದುಕುತ್ತೆ. ತೊಗಟೇಲಿ ಟ್ಯಾನಿನ್ ಜಾಸ್ತಿ, ಒಂದು ಕಾಲಕ್ಕೆ ಚರ್ಮ ಹದ ಮಾಡೋಕೆ ಇದನ್ನೇ ಸುಲಿದು ತರ್ತಿದ್ರು.

ನನಗೆ ಸಿಟ್ಟು ಬರೋದು ಹೈವೇ ಅಗಲ ಮಾಡುವಾಗ. ತಾನಾಗೇ ಬೆಳೆದಿದ್ದ ತಂಗಡೀನ ಜೆಸಿಬಿಯಲ್ಲಿ ಕಿತ್ತು, ಡಿವೈಡರ್‌ಗೆ ಬೋಗನ್‌ವಿಲ್ಲಾ ನೆಟ್ಟು ಟ್ಯಾಂಕರ್‌ನಲ್ಲಿ ನೀರು ಹಾಕ್ತಾರೆ! ಅದರ ಬದಲು ತಂಗಡೀನೇ ಬೆಳೆಸಬಹುದಲ್ಲ, ಅದರ ಕಂದು ಬಣ್ಣದ ಕಾಗದದಂಥ ಚಪ್ಪಟೆ ಕಾಯಿ ಎಲ್ಲಾ ಗಿಡದಲ್ಲೂ ನೇತಾಡ್ತಿರುತ್ತೆ, ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ನೆನೆಸಿ ಹಾಕಿದ್ರೆ ಮೊಳೆಯುತ್ತೆ, ಕಾಸೂ ಖರ್ಚಿಲ್ಲ.